ಮಂಡಿಯ ಗಾಯ ಮತ್ತು ಸೂಜಿಯ ಚರಿತ್ರೆ

ಕಳೆದ ಮಳೆಗಾಲದಲ್ಲಿ ನನ್ನ ಮಗಳು ಸೈಕಲ್ಲಿನಿಂದ ಬಿದ್ದು ಮಂಡಿ ಸೀಳಿಕೊಂಡಳು. ಗಾಬರಿಯಲ್ಲಿ ನಾನು ಅಡುಗೆಮನೆಗೆ ಓಡಿ ಕಾಫಿಪುಡಿ ತಂದು ಗಾಯಕ್ಕೆ ಒತ್ತಿದೆ. ನಮ್ಮಜ್ಜಿ ಮಾಡುತ್ತಿದ್ದುದೂ ಅದನ್ನೇ. ಆಸ್ಪತ್ರೆಯಲ್ಲಿ ವೈದ್ಯೆಗೆ ಹೊಲಿಗೆ ಹಾಕಲು ಹತ್ತು ನಿಮಿಷ ಸಾಕಾಯಿತು. ಆದರೆ ಅದಕ್ಕೂ ಮೊದಲು ಆ ಪುಡಿ, ಮಣ್ಣು ಎಲ್ಲವನ್ನೂ ತೊಳೆದು ತೆಗೆಯಲು ಅರ್ಧ ಗಂಟೆ ಹಿಡಿಯಿತು. ಮಗಳ ಅಳು ಕೇಳುತ್ತಾ ಹೊರಗೆ ನಿಂತಿದ್ದ ನನಗೆ ನಾಚಿಕೆಯಾಯಿತು. ಎಂ.ಟೆಕ್. ಓದಿದ್ದೇನೆ, ಆದರೆ ಮಂಡಿಯೊಳಗೆ ಏನಿದೆ ಎಂಬುದೇ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮಂಡಿಯಲ್ಲಿ ತೊಡೆಯ ಮೂಳೆ ಮತ್ತು ಮೊಣಕಾಲಿನ ಮೂಳೆ ಸೇರುತ್ತವೆ. ಮುಂದೆ ಮಂಡಿಚಿಪ್ಪಿನ ಕಾವಲಿದೆ. ಇಡೀ ಕೀಲನ್ನು ಒಂದು ತೆಳುವಾದ ಚೀಲ ಸುತ್ತಿಕೊಂಡಿದ್ದು, ಅದರೊಳಗಿನ ಜಾರು ದ್ರವ ಎಣ್ಣೆಯಂತೆ ಕೆಲಸ ಮಾಡುತ್ತದೆ. ಈ ಚೀಲ ಚಿಪ್ಪಿನಿಂದ ಮೇಲಕ್ಕೂ ಕೆಲವು ಬೆರಳಗಲ ಹಬ್ಬಿರುತ್ತದೆ. ಗಾಯ ಆಳವಾಗಿ ಚೀಲ ಹರಿದರೆ ಸೋಂಕು ನೇರವಾಗಿ ಕೀಲಿಗೇ ಇಳಿಯುತ್ತದೆ. ವೈದ್ಯೆ ಹೊಲಿಯುವ ಮೊದಲು ಅಷ್ಟು ಹೊತ್ತು ಪರೀಕ್ಷಿಸಿದ್ದು ಅದಕ್ಕೇ.

ಈ ಎಚ್ಚರ ಇಂದಿನದಲ್ಲ. ಸುಶ್ರುತ ಸಂಹಿತೆ ದೇಹದ ಕೀಲುಗಳನ್ನು ಎಂಟು ಬಗೆಯಾಗಿ ವಿಂಗಡಿಸುತ್ತದೆ. ತೊಡೆಸಂದಿಯ ಕೀಲು ‘ಉಲೂಖಲ’, ಅಂದರೆ ನಮ್ಮ ಒರಳು. ಗುಂಡಗಿನ ಮೂಳೆ ಕುಳಿಯೊಳಗೆ ತಿರುಗುವುದನ್ನು ನೆನೆದರೆ ಹೆಸರು ಎಷ್ಟು ಸರಿ ಎನಿಸುತ್ತದೆ. ಮಂಡಿ, ಕಾಲಿನ ಹರಡು, ಮೊಣಕೈಗಳದು ‘ಕೋರ’, ಬಾಗಿಲಿನಂತೆ ಮಡಚಿ ತೆರೆಯುವ ಬಗೆ. ಕನ್ನಡದಲ್ಲಂತೂ ಬಾಗಿಲಿಗೂ ಕೀಲು, ಮಂಡಿಗೂ ಕೀಲು! ತಲೆಬುರುಡೆಯ ಮೂಳೆಗಳು ಕೂಡುವ ಜಾಗಕ್ಕೆ ‘ತುನ್ನಸೇವನೀ’ ಎಂಬ ಹೆಸರಿದೆ. ಗಾಯಕ್ಕೆ ಹಾಕುವ ಒಂದು ಬಗೆಯ ಹೊಲಿಗೆಯ ಹೆಸರೂ ಅದೇ.

ಸೂಜಿಯ ವಿಷಯದಲ್ಲಿ ಸಂಹಿತೆ ಇನ್ನೂ ಸೂಕ್ಷ್ಮವಾಗಿದೆ. ಮಾಂಸ ಕಡಿಮೆ ಇರುವಲ್ಲಿ ಮತ್ತು ಕೀಲುಗಳ ಮೇಲೆ ಎರಡು ಅಂಗುಲದ ದುಂಡು ಸೂಜಿ, ಮಾಂಸಲ ಭಾಗಕ್ಕೆ ಮೂರು ಅಂಗುಲದ ಮುಮ್ಮೂಲೆ ಸೂಜಿ, ಹೊಟ್ಟೆ ಮತ್ತು ಮರ್ಮಸ್ಥಾನಗಳಿಗೆ ಬಿಲ್ಲಿನಂತೆ ಬಾಗಿದ ಸೂಜಿ. ನಾರು, ಕೂದಲು, ಸ್ನಾಯುಗಳೇ ದಾರ. ಗಾಯದ ಅಂಚಿನಿಂದ ತೀರ ದೂರ ಚುಚ್ಚಿದರೆ ನೋವು, ತೀರ ಹತ್ತಿರ ಚುಚ್ಚಿದರೆ ಅಂಚೇ ಹರಿಯುತ್ತದೆ ಎನ್ನುತ್ತದೆ. ರವಿಕೆ ಹೊಲಿದವರಿಗೆಲ್ಲ ಇದು ಗೊತ್ತು! ಎಲ್ಲಕ್ಕಿಂತ ಮುಖ್ಯವಾಗಿ, ಧೂಳು, ಕೂದಲು, ಮೂಳೆಚೂರು ಒಳಗಿದ್ದರೆ ಗಾಯ ಕೀವಾಗುತ್ತದೆ, ಆದ್ದರಿಂದ ಮೊದಲು ಶುಚಿ ಮಾಡಿ ಆಮೇಲೆ ಹೊಲಿಯಿರಿ ಎಂಬ ಸೂಚನೆಯಿದೆ. ನನ್ನ ಕಾಫಿಪುಡಿ ಆ ಪಟ್ಟಿಗೇ ಸೇರಬೇಕಾದದ್ದು.

ಯುರೋಪಿನಲ್ಲಿ ಶುಚಿಯ ಪಾಠ ಗಟ್ಟಿಯಾದದ್ದೂ ಒಂದು ಕಾಲಿನಿಂದಲೇ. 1865ರಲ್ಲಿ ಗ್ಲಾಸ್ಗೋದಲ್ಲಿ ಹನ್ನೊಂದು ವರ್ಷದ ಹುಡುಗನ ಕಾಲಿನ ಮೇಲೆ ಗಾಡಿ ಹರಿದು ಮೂಳೆ ಮುರಿದು, ಗಾಯವೂ ಆಗಿತ್ತು. ಆಗ ಅಂಥ ಕಾಲನ್ನು ಕತ್ತರಿಸುವುದೇ ವಾಡಿಕೆ. ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿದರು. ಕಾಲು ಉಳಿಯಿತು. 1867ರಲ್ಲಿ ಅವರು ಇದನ್ನೆಲ್ಲ ಪ್ರಕಟಿಸಿದರು.

ಉಳಿದದ್ದು ನೋವಿನ ಪ್ರಶ್ನೆ. ಇಲ್ಲಿ ನಮ್ಮ ಹೈದರಾಬಾದಿನ ಪಾತ್ರ ದೊಡ್ಡದು. 1846ರಲ್ಲಿ ಶುರುವಾದ ಹೈದರಾಬಾದ್ ಮೆಡಿಕಲ್ ಸ್ಕೂಲ್ ಮುಂದೆ ಉಸ್ಮಾನಿಯಾ ಮೆಡಿಕಲ್ ಕಾಲೇಜಾಯಿತು. ಕಲಬುರಗಿ, ರಾಯಚೂರು, ಬೀದರ್‌ಗಳೂ ನಿಜಾಮರ ರಾಜ್ಯದಲ್ಲೇ ಇದ್ದುದರಿಂದ, ಇದು ಆ ಕನ್ನಡನಾಡಿನ ರಾಜಧಾನಿಯ ವೈದ್ಯಶಾಲೆಯೂ ಹೌದು. ಅಲ್ಲಿ ಎಡ್ವರ್ಡ್ ಲಾರಿ ಮುಖ್ಯಸ್ಥರಾಗಿದ್ದಾಗ, 1888 ಮತ್ತು 1889ರಲ್ಲಿ ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಎರಡನೆಯದಕ್ಕೆ ನಿಜಾಮರ ಸರ್ಕಾರ 1,000 ಪೌಂಡ್ ಕೊಟ್ಟು ಲಂಡನ್ನಿನಿಂದ ಲಾಡರ್ ಬ್ರಂಟನ್ ಅವರನ್ನು ಕರೆಸಿತು. ಉಸಿರಾಟವನ್ನು ಗಮನಿಸುತ್ತಿದ್ದರೆ ಅಪಾಯವಿಲ್ಲ ಎಂದು ಆಯೋಗ ಹೇಳಿತು. ಕ್ಲೋರೋಫಾರ್ಮಿನಿಂದ ಹೃದಯವೂ ಹಠಾತ್ತನೆ ನಿಲ್ಲಬಹುದು ಎಂಬುದು 1911ರ ಹೊತ್ತಿಗೆ ಸಾಬೀತಾಯಿತು. ತೀರ್ಮಾನ ಪೂರ್ತಿ ಸರಿಯಿರಲಿಲ್ಲ, ಆದರೆ ಉಸಿರಿನ ಮೇಲೆ ಕಣ್ಣಿಡಬೇಕೆಂಬ ಪಾಠ ಉಳಿಯಿತು.

ಲಾರಿಯವರ ಕಾಲದಲ್ಲೇ ಆ ಶಾಲೆಯಲ್ಲಿ ಹೆಣ್ಣುಮಕ್ಕಳೂ ಕಲಿತರು. ಅವರಲ್ಲಿ ಒಬ್ಬರು ಪಾರ್ಸಿ ಮನೆತನದ ರೂಪಾಬಾಯಿ ಫರ್ದೂನ್‌ಜಿ. ಇದೇ ಊರಿನ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಕ್ಲೋರೋಫಾರ್ಮ್ ಕೊಟ್ಟು, 1909ರಲ್ಲಿ ಎಡಿನ್‌ಬರೋಗೆ ಹೋಗಿ ಓದಿ ಬಂದರು. ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಅವರನ್ನು ಎಣಿಸಲಾಗುತ್ತದೆ. ಇಲ್ಲೇ ಇಷ್ಟು ವರ್ಷ ವಾಸವಿದ್ದೂ ನಾನು ಅವರ ಹೆಸರು ಕೇಳಿರಲಿಲ್ಲ.

ಇನ್ನೊಂದು ಹೆಣ್ಣುಕೈಯನ್ನೂ ನೆನೆಯಬೇಕು. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಅವರು ಲಿಯೋನ್ ನಗರದಲ್ಲಿ ಇರಿತಕ್ಕೆ ಬಲಿಯಾದರು. ತುಂಡಾದ ರಕ್ತನಾಳವನ್ನು ಹೊಲಿಯಲು ಆಗ ಯಾರಿಗೂ ಬರುತ್ತಿರಲಿಲ್ಲ. ಯುವ ವೈದ್ಯ ಅಲೆಕ್ಸಿಸ್ ಕ್ಯಾರೆಲ್ ಅದೇ ಊರಿನ ಕಸೂತಿ ಕೆಲಸದ ಮಹಿಳೆ ಮದಾಂ ಲೆರೂದಿಯೆ ಅವರಲ್ಲಿ ಸೂಜಿ ಹಿಡಿಯುವುದನ್ನು ಕಲಿತರು. 1902ರಲ್ಲಿ ರಕ್ತನಾಳ ಜೋಡಿಸುವ ವಿಧಾನ ಪ್ರಕಟಿಸಿದರು, 1912ರಲ್ಲಿ ನೊಬೆಲ್ ಪಡೆದರು. ನಮ್ಮ ಧಾರವಾಡದ ಕಸೂತಿಯಲ್ಲಿ ಗವಂತಿ, ಮುರಗಿ ಹಾಕುವ ಕೈಗಳಿಗೂ ಆ ನಯ ಹೊಸದೇನಲ್ಲ.

ಮಗಳ ಹೊಲಿಗೆಯನ್ನು ಹನ್ನೆರಡನೇ ದಿನ ತೆಗೆದರು. ಮುಖದ ಹೊಲಿಗೆಯನ್ನು ಸುಮಾರು ಐದು ದಿನಕ್ಕೇ ತೆಗೆಯುತ್ತಾರೆ. ಮಂಡಿ ಪ್ರತಿ ಹೆಜ್ಜೆಗೂ ಮಡಚುವುದರಿಂದ ಚರ್ಮ ಎಳೆಯುತ್ತದೆ, ಹಾಗಾಗಿ ಹತ್ತರಿಂದ ಹದಿನಾಲ್ಕು ದಿನ ಬೇಕು.

ಗೆಳತಿಯರೇ, ಮನೆಯಲ್ಲಿ ಯಾರಿಗಾದರೂ ಹೀಗಾದರೆ ಕಾಫಿಪುಡಿ, ಅರಿಶಿನ ಹಾಕಬೇಡಿ. ಶುದ್ಧ ನೀರಿನಲ್ಲಿ ತೊಳೆದು, ಒಗೆದ ಬಟ್ಟೆಯಿಂದ ಒತ್ತಿ ಹಿಡಿದು, ಬೇಗ ವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಟನಸ್ ಲಸಿಕೆ ಯಾವಾಗ ಆಗಿತ್ತೆಂದು ನೆನಪಿಟ್ಟುಕೊಳ್ಳಿ. ಮಂಡಿಯ ಮೇಲೆ ಸಣ್ಣ ಗೆರೆಯೊಂದು ಉಳಿದಿದೆ. ಮಗಳು ಅದನ್ನು ಎಲ್ಲರಿಗೂ ಹೆಮ್ಮೆಯಿಂದ ತೋರಿಸುತ್ತಾಳೆ. ನಾನು ಮಾತ್ರ ಅದನ್ನು ನೋಡಿದಾಗಲೆಲ್ಲ ಕಾಫಿ ಡಬ್ಬಿಯನ್ನು ನೆನೆಯುತ್ತೇನೆ.