ವಕೀಲಿಕೆ ಪರೀಕ್ಷೆಗೆ ಹಳೆಯ ಪ್ರಬಂಧ ವಿಷಯಗಳಿಂದ ತಯಾರಿ ಹೇಗೆ? ಕುಪವಾಡದಂಥ ಗಡಿ ಊರಿನ ಅಭ್ಯರ್ಥಿಗಳಿಗೆ ಮಾಹಿತಿ

ಎಲ್‌ಎಲ್‌ಬಿ ಮುಗಿಸಿದ ಕೂಡಲೇ ವಕೀಲರಾಗಿಬಿಡಬಹುದು ಅನ್ನೋ ಕಾಲ ಹೋಯಿತು. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದ ಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ (ಎಐಬಿಇ) ಪಾಸಾಗಬೇಕು. ಅದಕ್ಕೆ ಸಿಗುವ ಅವಧಿ ಎರಡು ವರ್ಷ. ಅಷ್ಟರೊಳಗೆ ಪಾಸಾಗದಿದ್ದರೆ ವಕಾಲತ್ತಿಗೆ ಸಹಿ ಹಾಕುವ ಹಕ್ಕೇ ಕೈತಪ್ಪುತ್ತದೆ. ನ್ಯಾಯಾಧೀಶರಾಗುವ ಆಸೆ ಇರುವವರಿಗೆ ಇನ್ನೊಂದು ಮೆಟ್ಟಿಲಿದೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲಿ ಕೈಯಾರೆ ಬರೆಯಬೇಕು.

ಮಹಾರಾಷ್ಟ್ರದ ಸಾಂಗ್ಲಿ-ಮಿರಜ್-ಕುಪವಾಡ ಮಹಾನಗರ ಪಾಲಿಕೆಗೆ ಸೇರಿದ ಕುಪವಾಡದಂಥ ಊರಿನ ಕನ್ನಡಿಗ ಅಭ್ಯರ್ಥಿಗೆ ಇಲ್ಲಿ ಒಂದು ಇಕ್ಕಟ್ಟು ಇದೆ. ಕೋರ್ಟಿನ ಭಾಷೆ ಮರಾಠಿ, ಕಾನೂನು ಪುಸ್ತಕಗಳ ಭಾಷೆ ಇಂಗ್ಲಿಷ್, ಮನೆಯ ಭಾಷೆ ಕನ್ನಡ ಅಥವಾ ದಖ್ಖನಿ ಉರ್ದು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಲಾ ಕಾಲೇಜಿನಲ್ಲಿ ಇಂಗ್ಲಿಷ್ ಅಂತ ಬೆಳೆದ ಮಂಗಳೂರು, ಕಾಸರಗೋಡಿನ ಮಕ್ಕಳಿಗೆ ಈ ಇಕ್ಕಟ್ಟು ಚೆನ್ನಾಗಿ ಗೊತ್ತು. ವಿಷಯ ತಲೆಯಲ್ಲಿರುತ್ತದೆ, ಆದರೆ ಪೆನ್ನು ಹಿಡಿದಾಗ ವಾಕ್ಯ ಬರೋದಿಲ್ಲ. ಇದಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳ ಪ್ರಬಂಧ ವಿಷಯಗಳು ಒಳ್ಳೆಯ ಮದ್ದು. ಆದರೆ ಅವನ್ನು ಬಾಯಿಪಾಠ ಮಾಡಿದ್ರೆ ಪ್ರಯೋಜನವಿಲ್ಲ. ಬಳಸುವ ಕ್ರಮ ಬೇರೆಯೇ ಇದೆ.

ಯಾವ ಪರೀಕ್ಷೆಯಲ್ಲಿ ಏನು ಕೇಳ್ತಾರೆ?

ಎಐಬಿಇ: ಭಾರತೀಯ ವಕೀಲರ ಪರಿಷತ್ತು 2010ರಲ್ಲಿ ಈ ಪರೀಕ್ಷೆ ತರಲು ನಿರ್ಧರಿಸಿತು. ಮೊದಲ ಪರೀಕ್ಷೆ ನಡೆದದ್ದು 2011ರ ಮಾರ್ಚ್‌ನಲ್ಲಿ. ಇಂಥ ಪರೀಕ್ಷೆ ನಡೆಸುವ ಅಧಿಕಾರ ಪರಿಷತ್ತಿಗೆ ಇದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಫೆಬ್ರವರಿ 10ರಂದು ಬೋನಿ ಫೋಯಿ ಲಾ ಕಾಲೇಜು ಪ್ರಕರಣದಲ್ಲಿ ಎತ್ತಿಹಿಡಿಯಿತು. ಒಟ್ಟು 100 ಬಹು ಆಯ್ಕೆ ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಇತ್ತೀಚಿನ ಪರೀಕ್ಷೆಗಳಲ್ಲಿ ಪಾಸಾಗಲು ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ ಶೇ. 45, ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇ. 40 ಅಂಕ ಬೇಕು. ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಒಯ್ಯಬಹುದು. ಇಲ್ಲಿ ಪ್ರಬಂಧ ಇಲ್ಲ.

ಮಹಾರಾಷ್ಟ್ರ ಸಿವಿಲ್ ನ್ಯಾಯಾಧೀಶರ ಪರೀಕ್ಷೆ: ಇದನ್ನು ಮಹಾರಾಷ್ಟ್ರ ಲೋಕಸೇವಾ ಆಯೋಗ ನಡೆಸುತ್ತಾ ಬಂದಿದೆ. ಪೂರ್ವಭಾವಿ ಪರೀಕ್ಷೆಯ ಬಳಿಕ ಮುಖ್ಯ ಪರೀಕ್ಷೆಯಲ್ಲಿ ತಲಾ 100 ಅಂಕದ ಎರಡು ಪತ್ರಿಕೆಗಳು, ಆಮೇಲೆ ಸಂದರ್ಶನ. ಎರಡನೇ ಪತ್ರಿಕೆಯಲ್ಲಿ ಕ್ರಿಮಿನಲ್ ಕಾನೂನಿನ ಜೊತೆಗೆ ಪ್ರಚಲಿತ ಕಾನೂನು ವಿಷಯದ ಮೇಲೆ ಸುಮಾರು 700 ಪದಗಳ ಪ್ರಬಂಧ ಇರುತ್ತದೆ. ಉತ್ತರವನ್ನು ಇಂಗ್ಲಿಷ್ ಅಥವಾ ಮರಾಠಿಯಲ್ಲಿ ಬರೆಯಬಹುದು.

ಕರ್ನಾಟಕ ಸಿವಿಲ್ ನ್ಯಾಯಾಧೀಶರ ಪರೀಕ್ಷೆ: ಇದನ್ನು ಕರ್ನಾಟಕ ಹೈಕೋರ್ಟ್ ನಡೆಸುತ್ತದೆ. ಮುಖ್ಯ ಪರೀಕ್ಷೆಯಲ್ಲಿ ಅನುವಾದಕ್ಕೇ ಒಂದು ಪತ್ರಿಕೆ. ಸಾಕ್ಷಿ ಹೇಳಿಕೆ, ತೀರ್ಪು, ದಾಖಲೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ತರಬೇಕು. ಉಳಿದ ಪತ್ರಿಕೆಗಳಲ್ಲಿ ಕಾನೂನಿನ ಪ್ರಶ್ನೆಗಳ ಜೊತೆ ವಿವಾದಾಂಶ ರಚನೆ, ದೋಷಾರೋಪ ರಚನೆ, ತೀರ್ಪು ಬರವಣಿಗೆ ಇರುತ್ತದೆ. ಗಡಿಯಾಚೆ ಇದ್ದೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅನುವಾದ ಪತ್ರಿಕೆ ಅನುಕೂಲವೇ.

ಒಂದು ಮುಖ್ಯ ಸೂಚನೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿತು. ಈ ಮೂರು ವರ್ಷವನ್ನು ತಾತ್ಕಾಲಿಕ ನೋಂದಣಿಯ ದಿನದಿಂದ ಲೆಕ್ಕ ಹಾಕಲಾಗುತ್ತದೆ. ಹಾಗಾಗಿ ಪದವಿ ಮುಗಿದ ಮೇಲೆ ನೋಂದಣಿ ತಡಮಾಡೋದು ಬುದ್ಧಿವಂತಿಕೆ ಅಲ್ಲ.

ಎಲ್ಲಿ ನೋಂದಣಿ?

ಕುಪವಾಡದಲ್ಲಿದ್ದು ಸಾಂಗ್ಲಿಯ ಕೋರ್ಟಿನಲ್ಲಿ ಕೆಲಸ ಮಾಡುವವರು ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತಿನಲ್ಲಿ ಸನದು ಪಡೆಯುತ್ತಾರೆ. 1961ರ ವಕೀಲರ ಕಾಯ್ದೆ ಪ್ರಕಾರ ಒಬ್ಬರ ಹೆಸರು ಎರಡು ರಾಜ್ಯಗಳ ಪಟ್ಟಿಯಲ್ಲಿ ಇರುವಂತಿಲ್ಲ. ಆದರೆ ಕಾಯ್ದೆಯ 30ನೇ ಸೆಕ್ಷನ್ ದೇಶದ ಯಾವ ಕೋರ್ಟಿನಲ್ಲೂ ವಾದ ಮಾಡುವ ಹಕ್ಕು ಕೊಡುತ್ತದೆ. ಸಾಂಗ್ಲಿಯ ವಕೀಲರು ಅಥಣಿಯಲ್ಲೂ ಬೆಳಗಾವಿಯಲ್ಲೂ ಹಾಜರಾಗಬಹುದು. ಮುಂದೆ ಊರು ಬದಲಾಯಿಸಿದ್ರೆ ಹೆಸರನ್ನು ಇನ್ನೊಂದು ರಾಜ್ಯದ ಪಟ್ಟಿಗೆ ವರ್ಗಾಯಿಸಿಕೊಳ್ಳಬಹುದು. ನೋಂದಣಿ ಶುಲ್ಕದ ಬಗ್ಗೆಯೂ ತಿಳಿದಿರಲಿ. ಕಾಯ್ದೆಯಲ್ಲಿ ಹೇಳಿದ 750 ರೂಪಾಯಿಗಿಂತ (ಪರಿಶಿಷ್ಟರಿಗೆ 125 ರೂಪಾಯಿ) ಹೆಚ್ಚು ವಸೂಲಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಹೇಳಿದೆ.

ಹಳೆಯ ವಿಷಯಗಳನ್ನು ಕುಟುಂಬಗಳಾಗಿ ವಿಂಗಡಿಸಿ

ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಆಯೋಗದ ಜಾಲತಾಣ, ಕಾಲೇಜು ಲೈಬ್ರರಿ, ವಕೀಲರ ಸಂಘದ ಲೈಬ್ರರಿ, ಸೀನಿಯರ್‌ಗಳ ಕಪಾಟು ಹೀಗೆ ಸಿಕ್ಕಲ್ಲೆಲ್ಲ ಹುಡುಕಿ ಒಟ್ಟು ಮಾಡಬೇಕು. ಪ್ರಬಂಧ ವಿಷಯಗಳನ್ನಷ್ಟೇ ಬೇರೆ ನೋಟ್‌ಬುಕ್‌ಗೆ ಬರೆದುಕೊಂಡರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಮಾತುಗಳು ವರ್ಷವರ್ಷ ಬದಲಾಗುತ್ತವೆ, ಕೇಳುವ ವಿಷಯಗಳ ಗುಂಪು ಹೆಚ್ಚು ಬದಲಾಗೋದಿಲ್ಲ. ಸಾಮಾನ್ಯವಾಗಿ ಈ ಐದು ಗುಂಪಿನಲ್ಲಿ ಬಹುತೇಕ ವಿಷಯ ಅಡಕವಾಗುತ್ತದೆ:

1. ಸಂವಿಧಾನ ಮತ್ತು ಮೂಲಭೂತ ಹಕ್ಕು: ಮೂಲ ರಚನೆ, ಖಾಸಗಿತನ, ವಾಕ್ ಸ್ವಾತಂತ್ರ್ಯ, ನ್ಯಾಯಾಂಗದ ಸ್ವಾತಂತ್ರ್ಯ. ಮೂಲ ರಚನೆಯ ಸಿದ್ಧಾಂತ ಬಂದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಪ್ರಕರಣದಿಂದ. 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟಿತು. ಖಾಸಗಿತನವನ್ನು ಮೂಲಭೂತ ಹಕ್ಕು ಎಂದ 2017ರ ತೀರ್ಪಿನ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

2. ಮಹಿಳೆ, ಮಕ್ಕಳು, ಕುಟುಂಬ: ಜೀವನಾಂಶ, ಕೌಟುಂಬಿಕ ದೌರ್ಜನ್ಯ, ಪೋಕ್ಸೊ, ವೈಯಕ್ತಿಕ ಕಾನೂನು.

3. ಕ್ರಿಮಿನಲ್ ನ್ಯಾಯ: ಜಾಮೀನು, ವಿಚಾರಣಾಧೀನ ಕೈದಿಗಳು, ಮರಣದಂಡನೆ, ಹೊಸ ಕಾನೂನುಗಳು.

4. ನ್ಯಾಯದ ಲಭ್ಯತೆ: ಉಚಿತ ಕಾನೂನು ನೆರವು, ಲೋಕ ಅದಾಲತ್, ಮಧ್ಯಸ್ಥಿಕೆ, ಕೋರ್ಟಿನ ವಿಳಂಬ. ಬಾಂಬೆ ಹೈಕೋರ್ಟಿನ ಕೊಲ್ಹಾಪುರ ಸರ್ಕ್ಯೂಟ್ ಪೀಠ 2025ರ ಆಗಸ್ಟ್‌ನಲ್ಲಿ ಆರಂಭವಾದದ್ದು ಇಲ್ಲಿಗೆ ತಕ್ಕ ಉದಾಹರಣೆ. ಸಾಂಗ್ಲಿ, ಸಾತಾರಾ, ಕೊಲ್ಹಾಪುರ, ಸೋಲಾಪುರ, ರತ್ನಾಗಿರಿ, ಸಿಂಧುದುರ್ಗ ಜಿಲ್ಲೆಗಳ ಜನ ಮೊದಲು ಹೈಕೋರ್ಟ್ ಕೆಲಸಕ್ಕೆ ಮುಂಬೈಗೇ ಹೋಗಬೇಕಿತ್ತು.

5. ತಂತ್ರಜ್ಞಾನ ಮತ್ತು ಸಾಕ್ಷ್ಯ: ಸೈಬರ್ ಅಪರಾಧ, ಎಲೆಕ್ಟ್ರಾನಿಕ್ ದಾಖಲೆ, ವಿಡಿಯೋ ಕಾನ್ಫರೆನ್ಸ್ ವಿಚಾರಣೆ.

ಪ್ರತಿ ಗುಂಪಿಗೆ ಒಂದು ಹಾಳೆ ಸಾಕು. ಅದರಲ್ಲಿ ನಾಲ್ಕು ವಿಷಯ ಇರಲಿ: ಸಂವಿಧಾನದ ವಿಧಿ, ಕಾಯ್ದೆ ಮತ್ತು ಸೆಕ್ಷನ್, ಮೂರು-ನಾಲ್ಕು ತೀರ್ಪು ವರ್ಷ ಸಮೇತ, ಇನ್ನೂ ಬಗೆಹರಿಯದ ತೊಡಕು. ಪ್ರಶ್ನೆಯ ಮಾತು ಹೇಗೇ ಬರಲಿ, ಈ ಹಾಳೆಯಿಂದ ಪ್ರಬಂಧ ಕಟ್ಟಬಹುದು.

ಒಂದು ಮಾದರಿ: ವಿಚ್ಛೇದಿತ ಮುಸ್ಲಿಂ ಮಹಿಳೆಯ ಜೀವನಾಂಶ

ಸಮುದಾಯದ ಅಭ್ಯರ್ಥಿಗಳು ಎಡವುವ ವಿಷಯ ಇದು. ಮನೆಯಲ್ಲಿ, ಮೊಹಲ್ಲಾದಲ್ಲಿ ಕೇಳಿದ ಮಾತು, ಟಿವಿ ಚರ್ಚೆ ಎಲ್ಲವೂ ಉತ್ತರದೊಳಗೆ ನುಸುಳುತ್ತದೆ. ಮೌಲ್ಯಮಾಪಕರಿಗೆ ಬೇಕಾದದ್ದು ಕಾನೂನಿನ ನಡಿಗೆ. ಅದನ್ನು ಹೀಗೆ ಜೋಡಿಸಬಹುದು:

ಮೊದಲು 1985ರ ಶಾ ಬಾನೊ ತೀರ್ಪು. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಅನ್ವಯ ಎಂದಿತು. ಅದರ ನಂತರ ಸಂಸತ್ತು 1986ರಲ್ಲಿ ಪ್ರತ್ಯೇಕ ಕಾಯ್ದೆ ತಂದಿತು. ಇದ್ದತ್ ಅವಧಿಯೊಳಗೆ ಪತಿ ನ್ಯಾಯಯುತ ಮತ್ತು ಸಮಂಜಸ ಏರ್ಪಾಡು ಮಾಡಬೇಕು ಎಂದು ಅದು ಹೇಳುತ್ತದೆ. 2001ರ ಡ್ಯಾನಿಯಲ್ ಲತೀಫಿ ತೀರ್ಪು ಆ ಕಾಯ್ದೆಯನ್ನು ಉಳಿಸಿತು. ಆದರೆ ಏರ್ಪಾಡನ್ನು ಇದ್ದತ್‌ನೊಳಗೆ ಮಾಡಬೇಕು, ಅದು ಇದ್ದತ್ ನಂತರದ ಬದುಕಿಗೂ ಸಾಕಾಗುವಂತಿರಬೇಕು ಎಂದು ಅರ್ಥ ಬಿಡಿಸಿತು. 2024ರ ಜುಲೈ 10ರಂದು ಮೊಹಮ್ಮದ್ ಅಬ್ದುಲ್ ಸಮದ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ, 1986ರ ಕಾಯ್ದೆ ಇದ್ದರೂ 125ನೇ ಸೆಕ್ಷನ್ನಿನ ದಾರಿ ಮುಚ್ಚಿಲ್ಲ ಎಂದಿತು. ಈಗ ಆ ಸೆಕ್ಷನ್ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144.

ಇಷ್ಟಾದ ಮೇಲೆ ಎರಡೂ ಕಡೆಯ ವಾದ ಬರಬೇಕು. ಸಂವಿಧಾನದ 14, 15ನೇ ವಿಧಿಗಳ ಸಮಾನತೆ ಒಂದು ಕಡೆ, 25ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯ ಇನ್ನೊಂದು ಕಡೆ. ಕೊನೆಗೆ ನಿಜವಾದ ತೊಡಕು: ಆದೇಶ ಸಿಕ್ಕ ಮೇಲೂ ಹಣ ವಸೂಲಿ ಆಗದೆ ಹೆಣ್ಣುಮಕ್ಕಳು ಕೋರ್ಟಿಗೆ ಅಲೆಯೋದು. ಯಾರನ್ನೂ ಬೈಯದೆ, ಯಾರ ಪರ ಭಾಷಣವನ್ನೂ ಮಾಡದೆ ಹೀಗೆ ಬರೆದ ಉತ್ತರಕ್ಕೆ ಅಂಕ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾಳೆ ಇಂಥದೇ ಕಕ್ಷಿದಾರೆ ಆಫೀಸಿಗೆ ಬಂದಾಗ ಏನು ಹೇಳಬೇಕು ಅನ್ನೋದು ಗೊತ್ತಿರುತ್ತದೆ.

ಹಳೆಯ ಪ್ರಶ್ನೆ, ಹೊಸ ಸೆಕ್ಷನ್

2024ರ ಜುಲೈ 1ರಿಂದ ಮೂರು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಯಲ್ಲಿವೆ. ಅದಕ್ಕೆ ಮೊದಲಿನ ಪ್ರಶ್ನೆಪತ್ರಿಕೆಗಳನ್ನು ಬಳಸುವಾಗ ಸೆಕ್ಷನ್ ಸಂಖ್ಯೆಗಳನ್ನು ಬದಲಾಯಿಸಿಕೊಳ್ಳಲೇಬೇಕು. ಪದೇಪದೇ ಬೇಕಾಗುವವು ಇವು:

- ಕೊಲೆಗೆ ಶಿಕ್ಷೆ: ಐಪಿಸಿ 302, ಈಗ ನ್ಯಾಯ ಸಂಹಿತೆ 103
- ವಂಚನೆ: ಐಪಿಸಿ 420, ಈಗ 318(4)
- ಪತಿ ಮತ್ತು ಆತನ ಸಂಬಂಧಿಕರ ಕ್ರೌರ್ಯ: ಐಪಿಸಿ 498ಎ, ಈಗ 85 ಮತ್ತು 86
- ಎಫ್‌ಐಆರ್: ಸಿಆರ್‌ಪಿಸಿ 154, ಈಗ ಸುರಕ್ಷಾ ಸಂಹಿತೆ 173
- ನಿರೀಕ್ಷಣಾ ಜಾಮೀನು: ಸಿಆರ್‌ಪಿಸಿ 438, ಈಗ 482
- ಹೈಕೋರ್ಟಿನ ಅಂತರ್ಗತ ಅಧಿಕಾರ: ಸಿಆರ್‌ಪಿಸಿ 482, ಈಗ 528
- ವಿಚಾರಣಾಧೀನ ಕೈದಿಯ ಬಿಡುಗಡೆ: ಸಿಆರ್‌ಪಿಸಿ 436ಎ, ಈಗ 479
- ಎಲೆಕ್ಟ್ರಾನಿಕ್ ದಾಖಲೆ: ಸಾಕ್ಷ್ಯ ಕಾಯ್ದೆ 65ಬಿ, ಈಗ ಸಾಕ್ಷ್ಯ ಅಧಿನಿಯಮ 63

482ರ ವಿಷಯದಲ್ಲಿ ಜಾಗ್ರತೆ ಬೇಕು. ಹಳೆಯ ಸಂಹಿತೆಯಲ್ಲಿ ಅದು ಹೈಕೋರ್ಟಿನ ಅಧಿಕಾರ, ಹೊಸದರಲ್ಲಿ ನಿರೀಕ್ಷಣಾ ಜಾಮೀನು. ಹಾಗಂತ ಹಳೆಯ ಕಾನೂನನ್ನು ಮರೆಯುವಂತೆಯೂ ಇಲ್ಲ. 2024ರ ಜುಲೈ 1ಕ್ಕೆ ಮೊದಲು ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ. ಕೋರ್ಟುಗಳಲ್ಲಿ ಇನ್ನೂ ಕೆಲವು ವರ್ಷ ಎರಡೂ ಒಟ್ಟಿಗೆ ನಡೆಯುತ್ತವೆ.

ಪ್ರಬಂಧ ಬರೆದು ಎಐಬಿಇಗೆ ಏನು ಲಾಭ?

ಎಐಬಿಇಯ 19 ವಿಷಯಗಳಲ್ಲಿ ಸಂವಿಧಾನ, ಸಿವಿಲ್ ಪ್ರಕ್ರಿಯೆ, ಕ್ರಿಮಿನಲ್ ಪ್ರಕ್ರಿಯೆ ತಲಾ 10 ಪ್ರಶ್ನೆ. ದಂಡ ಕಾನೂನು, ಸಾಕ್ಷ್ಯ, ಕುಟುಂಬ ಕಾನೂನು ತಲಾ 8. ಕರಾರು, ಆಸ್ತಿ ವರ್ಗಾವಣೆ, ಚೆಕ್ ಪ್ರಕರಣಗಳಿಗೆ ಸಂಬಂಧಿಸಿದ ಕಾನೂನು ಸೇರಿ 8. ಪರ್ಯಾಯ ವ್ಯಾಜ್ಯ ಪರಿಹಾರ, ಸಾರ್ವಜನಿಕ ಹಿತಾಸಕ್ತಿ ಅರ್ಜಿ, ವಕೀಲರ ವೃತ್ತಿ ನೀತಿ ತಲಾ 4. ಇವಿಷ್ಟರಲ್ಲೇ 74 ಅಂಕ ಬಂತು. ಮೇಲೆ ಹೇಳಿದ ಐದು ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡಿದ್ರೆ ಇದರ ದೊಡ್ಡ ಪಾಲು ಅಲ್ಲೇ ಸಿಗುತ್ತದೆ. ಒಂದು ಪ್ರಬಂಧ ಬರೆದವರಿಗೆ ತೀರ್ಪಿನ ಹೆಸರು, ವರ್ಷ, ಸೆಕ್ಷನ್ ಕೈಬೆರಳಲ್ಲಿ ಕೂತಿರುತ್ತದೆ. ಬೇರ್ ಆಕ್ಟ್‌ನಲ್ಲಿ ಯಾವ ಅಧ್ಯಾಯ ತೆರೆಯಬೇಕು ಅನ್ನೋದೂ ಗೊತ್ತಿರುತ್ತದೆ. ಪುಸ್ತಕ ಒಯ್ಯಬಹುದಲ್ಲ ಅಂತ ಓದದೆ ಹೋದವರಿಗೆ ಹುಡುಕೋದ್ರಲ್ಲೇ ಸಮಯ ಮುಗಿಯುತ್ತದೆ.

12 ವಾರದ ಲೆಕ್ಕಾಚಾರ

ಹಗಲು ಸೀನಿಯರ್ ಆಫೀಸಿನಲ್ಲೋ ಎಂಐಡಿಸಿಯ ಕಾರ್ಖಾನೆಯಲ್ಲೋ ಕೆಲಸ ಮಾಡಿ ರಾತ್ರಿ ಓದುವವರಿಗೂ ಸಾಧ್ಯವಾಗುವ ಕ್ರಮ ಇದು.

- 1–2ನೇ ವಾರ: ಹಳೆಯ ಪತ್ರಿಕೆ ಸಂಗ್ರಹ, ಗುಂಪು ವಿಂಗಡಣೆ.
- 3–7ನೇ ವಾರ: ವಾರಕ್ಕೊಂದು ಗುಂಪು. ಬೇರ್ ಆಕ್ಟ್ ಓದಿ ಹಾಳೆ ಸಿದ್ಧ ಮಾಡೋದು. ವಾರದ ಕೊನೆಗೆ ಒಂದು ಪ್ರಬಂಧ, ಹಾಳೆ ನೋಡಿಕೊಂಡೇ.
- 8–10ನೇ ವಾರ: ವಾರಕ್ಕೆ ಎರಡು ಪ್ರಬಂಧ, ಹಾಳೆ ನೋಡದೆ, ಗಡಿಯಾರ ಇಟ್ಟುಕೊಂಡು. ಐದು ನಿಮಿಷ ಯೋಜನೆ, 35 ನಿಮಿಷ ಬರವಣಿಗೆ, ಐದು ನಿಮಿಷ ಮರು ಓದು.
- 11–12ನೇ ವಾರ: ಪೂರ್ತಿ ಪ್ರಶ್ನೆಪತ್ರಿಕೆ. ಎಐಬಿಇ ಬರೆಯುವವರು 100 ಪ್ರಶ್ನೆಗಳನ್ನು ಒಂದೇ ಕೂರಿನಲ್ಲಿ ಬಿಡಿಸಬೇಕು.

ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸೋದು ಮುಖ್ಯ. ಇಬ್ಬರು ಗೆಳೆಯರು ಪರಸ್ಪರ ತಿದ್ದಿಕೊಂಡರೂ ಸಾಕು. ಮರಾಠಿಯಲ್ಲಿ ಬರೆಯುವವರು ಮರಾಠಿ ಶಾಲೆಯಲ್ಲಿ ಓದಿದವರಿಗೆ ತೋರಿಸಲಿ. ಕರ್ನಾಟಕದ ಪರೀಕ್ಷೆ ಬರೆಯುವವರು ದಿನಕ್ಕೆ ತೀರ್ಪಿನ ಒಂದು ಪ್ಯಾರಾ ಕನ್ನಡಕ್ಕೆ ತಂದು, ಮರುದಿನ ಅದನ್ನೇ ಮೂಲ ನೋಡದೆ ಇಂಗ್ಲಿಷಿಗೆ ತರಲಿ. ಎರಡನ್ನೂ ಹೋಲಿಸಿದಾಗ ಎಲ್ಲಿ ಅರ್ಥ ಜಾರಿದೆ ಅಂತ ತಾನಾಗಿ ತಿಳಿಯುತ್ತದೆ.

ತಪ್ಪಿಸಬೇಕಾದ ತಪ್ಪುಗಳು

- ಕೋಚಿಂಗ್ ನೋಟ್ಸಿನ ಸಿದ್ಧ ಪ್ರಬಂಧ ಬಾಯಿಪಾಠ ಮಾಡೋದು. ಪ್ರಶ್ನೆಯ ಮಾತು ಸ್ವಲ್ಪ ತಿರುಗಿದ್ರೂ ಉತ್ತರ ದಾರಿ ತಪ್ಪುತ್ತದೆ.
- ತೀರ್ಪಿನ ಹೆಸರು ಸರಿಯಾಗಿ ನೆನಪಿಲ್ಲದಿದ್ದರೂ ಊಹಿಸಿ ಬರೆಯೋದು. ಹೆಸರು ಬಿಟ್ಟು ತತ್ವವನ್ನಷ್ಟೇ ಬರೆಯೋದು ಮೇಲು.
- ಪ್ರಬಂಧವನ್ನು ಕೊನೆಗೆ ಉಳಿಸಿ ಸಮಯ ಸಾಲದೆ ಅರ್ಧಕ್ಕೆ ಬಿಡೋದು.
- ಅಧಿಸೂಚನೆ ಓದದೆ ಗೆಳೆಯರ ಮಾತು ನಂಬೋದು. ಪಠ್ಯಕ್ರಮ, ಭಾಷೆಯ ಆಯ್ಕೆ, ಶುಲ್ಕ, ವಯೋಮಿತಿ ಬದಲಾಗಬಹುದು. ಅರ್ಜಿ ಹಾಕುವ ಮೊದಲು ಆ ವರ್ಷದ ಅಧಿಸೂಚನೆಯನ್ನು ಪೂರ್ತಿ ಓದಬೇಕು.