ಮಾಳಿಗೆಯ ಮೇಲಿನ ಮಣ್ಣು

ಬಯಲುಸೀಮೆಯ ಮಣ್ಣಿನ ಮಾಳಿಗೆಯನ್ನು ಬಡವರ ಸೂರು ಎಂದು ತಳ್ಳಿಹಾಕುವುದು ಈಗ ರೂಢಿ. ಹಾಗಿದ್ದರೆ ಗೌಡರೂ ದೇಸಾಯರೂ ಕೆತ್ತನೆಯ ಸಾಗುವಾನಿ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಅದೇ ಮಣ್ಣನ್ನು ಏಕೆ ಹೊರಿಸಿದರು? ವಿಜಯಪುರ, ರಾಯಚೂರಿನ ಕಡೆ ವರ್ಷದ ಮಳೆ ಸುಮಾರು 600–700 ಮಿಲಿಮೀಟರ್. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ಸೂರಿನ ಮೊದಲ ಕೆಲಸ ಬಿಸಿಲನ್ನು ತಡೆಯುವುದು. ತೊಲೆಯ ಮೇಲೆ ಜಂತೆ, ಅದರ ಮೇಲೆ ಚಿಲಿಕೆ, ಬೇವು ಅಥವಾ ಲಕ್ಕಿಯ ಸೊಪ್ಪು, ಆಮೇಲೆ ತುಳಿದು ಗಟ್ಟಿಮಾಡಿದ ಮಣ್ಣು, ಕೊನೆಗೆ ಚೌಳು ಮಣ್ಣು. ಒಂದೊಂದು ಪದರಕ್ಕೂ ಒಂದೊಂದು ಹೊಣೆ. ಕಹಿಸೊಪ್ಪು ಮಣ್ಣನ್ನು ಮರದಿಂದ ದೂರವಿಟ್ಟು ಗೆದ್ದಲನ್ನು ತಡೆಯಲೆಂದು. ಅಡಿ ದಪ್ಪದ ಮಣ್ಣನ್ನು ದಾಟಲು ಬಿಸಿಲಿನ ಕಾವಿಗೆ ಎಂಟು ಹತ್ತು ಗಂಟೆ ಬೇಕು. ನಾಲ್ಕಂಗುಲದ ಕಾಂಕ್ರೀಟನ್ನು ಅದು ಮೂರು ಗಂಟೆಯಲ್ಲೇ ದಾಟುತ್ತದೆ. ಮಧ್ಯಾಹ್ನದ ಕಾವು ಒಳಗಿಳಿಯುವುದು ರಾತ್ರಿಗೆ. ಆಗ ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಿದ್ದರು. ಚೌಳಿನದು ಇನ್ನೂ ಸೂಕ್ಷ್ಮದ ಕೆಲಸ. ಅದರಲ್ಲಿರುವ ಸೋಡಿಯಂನಿಂದ ಜೇಡಿಯ ಕಣಗಳು ನೆನೆದಾಗ ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುತ್ತವೆ. ನೀರು ಇಂಗದೆ ಇಳಿಜಾರು ಹಿಡಿದು ಸೂರಿನಂಚಿನ ದೋಣಿಯಿಂದ ಹೊರಬೀಳುತ್ತದೆ. ಬೆಳೆಗೆ ಮಾರಕವಾದ ಈ ಗುಣಕ್ಕಾಗಿಯೇ ರೈತರು ಹಾಳುನೆಲದಿಂದ ಅದನ್ನು ಹೇರಿಕೊಂಡು ಬರುತ್ತಿದ್ದರು. ಹುಲ್ಲು ಹುಟ್ಟದ ಕಾರಣ ಬೇರಿಳಿದು ಸೂರು ಬಿರಿಯುವ ಭಯವೂ ಕಡಿಮೆ.

ಇದಕ್ಕೆ ಬರುವ ಆಕ್ಷೇಪ ಸಣ್ಣದಲ್ಲ. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನರ ಮೇಲೆ ಕುಸಿದದ್ದು ಇಂಥವೇ ಮಣ್ಣಿನ ಸೂರುಗಳು, ಕಲ್ಲಿನ ಗೋಡೆಗಳು. ಅಡಿ ದಪ್ಪದ ಮಣ್ಣೆಂದರೆ ಚದರ ಮೀಟರಿಗೆ ಸುಮಾರು 500 ಕಿಲೋ ಭಾರ. ಈ ಸಾವುಗಳನ್ನು ಮರೆತು ಮಾಳಿಗೆಯನ್ನು ಹೊಗಳುವುದು ತಪ್ಪು. ಆದರೆ ಅಲ್ಲಿ ಸೋತದ್ದು ಪದರಗಳ ತರ್ಕವಲ್ಲ. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುವಾಗ ಹಳೆಯದನ್ನು ಕೆರೆದು ತೆಗೆಯದಿದ್ದರೆ ಹೊರೆ ವರ್ಷವರ್ಷವೂ ಏರುತ್ತದೆ. ಕೆಸರಿನಲ್ಲಿ ಕಟ್ಟಿದ ಗೋಡೆಗೆ ಅದನ್ನು ಹಿಡಿದಿಡುವ ಬಿಗಿ ಇರುವುದಿಲ್ಲ. ಗೋಡೆಯನ್ನು ಬಿಗಿಗೊಳಿಸಿ, ಮಣ್ಣಿನ ದಪ್ಪಕ್ಕೆ ಮಿತಿ ಹಾಕುವುದು ಆಗದ ಮಾತಲ್ಲ. ಸೋರಿಕೆ ತಪ್ಪಿಸಲೆಂದು ಹಳೆಯ ಮಾಳಿಗೆಯ ಮೇಲೆ ಸಿಮೆಂಟು ಬಳಿಯುವುದು ಮಾತ್ರ ನನಗೆ ಒಪ್ಪಿಗೆಯಾಗದ ಪರಿಹಾರ. ಬಿಸಿಲಿಗೆ ಹಿಗ್ಗಿ ಕುಗ್ಗುವ ಸಿಮೆಂಟು ಬಿರುಕುಬಿಡುತ್ತದೆ, ಬಿರುಕಿನಿಂದ ಇಳಿದ ನೀರಿಗೆ ಮೇಲೆ ಆರಿಹೋಗಲು ದಾರಿ ಇರುವುದಿಲ್ಲ, ಒಳಗೇ ಉಳಿದ ತೇವ ಜಂತೆಯನ್ನು ಕೊಳೆಸುತ್ತದೆ.