ನಿಗದಿತ ಟಾರ್ಕ್ ಮತ್ತು ಗರಿಷ್ಠ ಟಾರ್ಕ್: ಚಿಕ್ಕೋಡಿ–ಅಥಣಿ ಸೀಮೆಯ ಗಾಣದಿಂದ ಸರ್ವೊವರೆಗೆ

ಮೋಟರು ಕಾವಿನ ಮಿತಿ ಮೀರದೆ ಎಷ್ಟು ಹೊತ್ತಾದರೂ ಕೊಡಬಲ್ಲ ತಿರುಚುಬಲವೇ ನಿಗದಿತ ಟಾರ್ಕ್. ಕೆಲವೇ ಸೆಕೆಂಡು ಕೊಡಬಲ್ಲದ್ದು ಗರಿಷ್ಠ ಟಾರ್ಕ್. ತನ್ನ ಸ್ಥಾನ, ವೇಗಗಳನ್ನು ಅಳೆದು ತಿದ್ದಿಕೊಳ್ಳುತ್ತ ತಿರುಗುವ ಸರ್ವೊ ಮೋಟರುಗಳಲ್ಲಿ ಗರಿಷ್ಠ ಟಾರ್ಕ್ ಸಾಮಾನ್ಯವಾಗಿ ನಿಗದಿತದ 2–3 ಪಟ್ಟು. ಮೋಟರನ್ನು ಬರೀ ಎಚ್‌ಪಿಯಲ್ಲಿ ಹೇಳುವ ರೂಢಿಯಿಂದ ಎರಡೂ ಕಲಸಿಹೋಗಿವೆ. ನಿಮಿಷಕ್ಕೆ 1,500 ಸುತ್ತುವ 10 ಎಚ್‌ಪಿ ಮೋಟರಿನ ನಿಗದಿತ ಟಾರ್ಕ್ ಸುಮಾರು 47 ನ್ಯೂಟನ್-ಮೀಟರ್. 750 ಸುತ್ತಿನದಾದರೆ ಅದರ ಇಮ್ಮಡಿ.

ಟಾರ್ಕ್ ಎಂಬ ಹೆಸರನ್ನು ಜೇಮ್ಸ್ ಥಾಮ್ಸನ್ 1884ರಲ್ಲಿ ಸೂಚಿಸಿದರು. ಟೆಸ್ಲಾರ ಇಂಡಕ್ಷನ್ ಮೋಟರಿನ ಪೇಟೆಂಟುಗಳು 1888ರವು. ಚಿಕ್ಕೋಡಿ–ಅಥಣಿ ಸೀಮೆಯಲ್ಲಿ ಭಾರೀ ಟಾರ್ಕಿನ ಪ್ರಶ್ನೆ ಎದ್ದದ್ದು ಕಬ್ಬು ನುರಿಸುವಲ್ಲಿ. ಈಗ ಕಾಗವಾಡ ತಾಲ್ಲೂಕಿಗೆ ಸೇರಿರುವ ಉಗಾರ ಖುರ್ದದ ಉಗಾರ ಶುಗರ್ ವರ್ಕ್ಸ್ 1939ರಲ್ಲಿ ಸ್ಥಾಪನೆಯಾಯಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಯ ಸಹಕಾರಿ ಕಾರ್ಖಾನೆಗಳು ಆಮೇಲಿನವು.

ಸಕ್ಕರೆ ಕಾರ್ಖಾನೆಯ ಗಾಣದ ರೋಲರು ನಿಮಿಷಕ್ಕೆ ನಾಲ್ಕಾರು ಸುತ್ತಷ್ಟೇ ತಿರುಗುತ್ತದೆ. ಕಬ್ಬು ಮಾತ್ರ ಒಂದೇ ಸಮ ಬರುವುದಿಲ್ಲ. ಗಾಣ ತಿರುಗಿಸುವ ಹಬೆ ಟರ್ಬೈನಿಗೆ ಇದು ತೊಡಕಲ್ಲ: ವೇಗ ಕುಗ್ಗಿದಂತೆ ಅದರ ಟಾರ್ಕ್ ಏರಿ, ನಿಂತಾಗ ಸುಮಾರು ಇಮ್ಮಡಿಯವರೆಗೆ ಮುಟ್ಟುತ್ತದೆ. ಇಂಡಕ್ಷನ್ ಮೋಟರು ತನ್ನ ಗರಿಷ್ಠ ದಾಟಿದರೆ ನಿಂತೇಬಿಡುತ್ತದೆ. ಆದ್ದರಿಂದಲೇ ವಿದ್ಯುತ್ ಯಂತ್ರಗಳ ಅಂತರರಾಷ್ಟ್ರೀಯ ಮಾನಕ ಐಇಸಿ 60034-1 ನಿಗದಿತದ 1.6 ಪಟ್ಟು ಟಾರ್ಕನ್ನು 15 ಸೆಕೆಂಡು ತಾಳಿಕೊಳ್ಳಬೇಕೆಂದು ವಿಧಿಸುತ್ತದೆ. ಇಲ್ಲಿ ಅಂಕಿಯ ಜೊತೆ ಹೊತ್ತೂ ಇದೆ. ಎಷ್ಟೋ ಮಾರಾಟದ ಪತ್ರಗಳಲ್ಲಿ ಬಿಟ್ಟುಹೋಗುವುದು ಇದೇ.

ಹಬೆ ಹೋಗಿ ವಿದ್ಯುತ್ ಬಂದದ್ದನ್ನೇ ತಿರುವು ಎನ್ನುವುದು ವಾಡಿಕೆ. ಟಾರ್ಕಿನ ಮಟ್ಟಿಗೆ ನಿಜವಾದ ತಿರುವು 1970ರ ದಶಕದ ಆರಂಭದಲ್ಲಿ ಫೆಲಿಕ್ಸ್ ಬ್ಲಾಷ್ಕೆ ಬೆಳೆಸಿದ ನಿಯಂತ್ರಣ ವಿಧಾನ: ಎಸಿ ಮೋಟರಿನಲ್ಲಿ ಟಾರ್ಕ್ ಹುಟ್ಟಿಸುವ ಕರೆಂಟನ್ನು ಬೇರೆಯಾಗಿ ಹಿಡಿದು ನಡೆಸುವುದು ಇದರಿಂದ ಸಾಧ್ಯವಾಯಿತು. 1980ರ ದಶಕದ ನಿಯೋಡಿಮಿಯಮ್ ಆಯಸ್ಕಾಂತಗಳು ಸರ್ವೊವನ್ನು ಪುಟ್ಟದಾಗಿಸಿದವು.

ಆದರೆ ಕಾವು ಬದಲಾಗಲಿಲ್ಲ. ಮೂರು ಪಟ್ಟು ಕರೆಂಟಿಗೆ ಸುರುಳಿಯ ತಾಮ್ರದಲ್ಲಿ ಒಂಬತ್ತು ಪಟ್ಟು ಶಾಖ. ಹತ್ತು ಸೆಕೆಂಡಿನ ಆವರ್ತದಲ್ಲಿ ಒಂದು ಸೆಕೆಂಡು ಮೂರು ಪಟ್ಟು, ಉಳಿದ ಒಂಬತ್ತು ಸೆಕೆಂಡು ಅರ್ಧದಷ್ಟು ಟಾರ್ಕ್ ಎಳೆದರೆ ಸಾದಾ ಸರಾಸರಿ ನಿಗದಿತದ ಮುಕ್ಕಾಲಷ್ಟೇ. ವರ್ಗಗಳ ಸರಾಸರಿ ತೆಗೆದು ಅದರ ವರ್ಗಮೂಲ ನೋಡಿದರೆ 1.06. ಅಂದರೆ ಮೋಟರು ಮಿತಿ ಮೀರಿ ಕಾಯುತ್ತದೆ.

ನಿಪ್ಪಾಣಿಯಿಂದ ಕೊಲ್ಲಾಪುರದತ್ತ ಶಿರೋಲಿ, ಗೋಕುಲ ಶಿರಗಾಂವದ ಕಾರ್ಖಾನೆಗಳಲ್ಲಿ ಸಿಎನ್‌ಸಿ ಯಂತ್ರ ನಡೆಸುವವರಿಗೆ ಇನ್ನೊಂದು ಸಂಗತಿ ಮುಖ್ಯ: ಫಲಕದ ಮೇಲಿನ ಗರಿಷ್ಠ ಟಾರ್ಕ್ ಸಿಗುವುದು ಮೋಟರಿಗೆ ಕರೆಂಟ್ ಒದಗಿಸುವ ಸಾಧನವಾದ ಡ್ರೈವು ಅಷ್ಟು ಕರೆಂಟ್ ಕೊಟ್ಟರೆ ಮಾತ್ರ. ಮೋಟರು ಬದಲಿಸುವಾಗ ಡ್ರೈವಿನ ಕರೆಂಟ್ ಮಿತಿಯನ್ನೂ ಓದಬೇಕು.